ಒಪಿಜಿಯಲ್ಲಿ ದವಡೆ ಅಳೆಯಲು ಇಮೇಜ್‌ಜೆ: ಒಂದೂವರೆ ವರ್ಷ ಬಳಸಿದ ಮೇಲೆ

ನಾನು ದಾವಣಗೆರೆಯಲ್ಲಿ ಓರಲ್ ರೇಡಿಯಾಲಜಿ ಪಿಜಿ ಮಾಡುತ್ತಿದ್ದೇನೆ. ಎರಡೂ ದವಡೆ, ಹಲ್ಲುಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಒಪಿಜಿ ಎಕ್ಸ್-ರೇಯಲ್ಲಿ ಕೆಳದವಡೆ ಅಳೆದು ಅದು ಗಂಡಸಿನದೋ ಹೆಂಗಸಿನದೋ ಎಂದು ಎಷ್ಟರ ಮಟ್ಟಿಗೆ ಹೇಳಬಹುದು ಅನ್ನೋದೇ ನನ್ನ ಥೀಸಿಸ್. ಗುರುತು ಸಿಗದ ಶವದಲ್ಲಿ ಇದಕ್ಕೆ ಮೊದಲು ನೋಡುವುದು ಸೊಂಟದ ಮೂಳೆ. ಅದು ಉಳಿದಿಲ್ಲ ಅಂದ್ರೆ ತಲೆಬುರುಡೆ, ದವಡೆ.

ಅಳೆಯಲು ಗೈಡ್ ಮೇಡಂ ಹೇಳಿದ್ದು ಇಮೇಜ್‌ಜೆ. ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಬರೆದ ಸಾಫ್ಟ್‌ವೇರ್. 1997ರಿಂದಲೂ ಇದೆ, ಪೂರ್ತಿ ಉಚಿತ. ಲೈಸೆನ್ಸ್‌ಗೆ ದುಡ್ಡಿಲ್ಲದ ನನ್ನಂಥವರಿಗೆ ಇದು ದೊಡ್ಡ ಉಪಕಾರ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೂ ಸಲೀಸಾಗಿ ಓಡುತ್ತದೆ.

ನನಗೆ ತುಂಬಾ ಹಿಡಿಸಿದ್ದು ದವಡೆಯ ಕೋನ ಅಳೆಯುವ ಆ್ಯಂಗಲ್ ಟೂಲ್. ದವಡೆಯ ಹಿಂದಿನ ಅಂಚಿಗೆ ಒಂದು ಗೆರೆ, ಕೆಳ ಅಂಚಿಗೆ ಒಂದು ಗೆರೆ. ಎರಡೂ ಸೇರುವ ಬಿಂದು ಮೂಳೆಯ ಮೇಲೆ ಬರುವುದಿಲ್ಲ, ಹೊರಗಿನ ಕಪ್ಪಿನಲ್ಲಿ ಬೀಳುತ್ತದೆ. ಶುರುವಿನಲ್ಲಿ ಅದನ್ನು ಮೂಳೆಯ ಮೂಲೆಗೇ ಎಳೆದು ತಂದು ಕೂರಿಸುತ್ತಿದ್ದೆ. ಹಾಗೆ ಮಾಡಬಾರದು. ಮೂರು ಕ್ಲಿಕ್, ಕೀಬೋರ್ಡ್‌ನಲ್ಲಿ ಎಂ ಒತ್ತಿದರೆ ಡಿಗ್ರಿ ಬಂತು. ರೇಮಸ್‌ನ (ದವಡೆಯ ಹಿಂಭಾಗದಲ್ಲಿ ಮೇಲಕ್ಕೇರುವ ಭಾಗ) ಎತ್ತರಕ್ಕೆ ಕಾಂಡೈಲ್ (ಕಿವಿಯ ಮುಂದೆ ಕೀಲಿಗೆ ಸೇರುವ ಗುಂಡು) ತುದಿಯಿಂದ ಕೆಳ ಅಂಚಿನವರೆಗೆ ಒಂದು ಗೆರೆ ಸಾಕು. ಸರಾಸರಿ ನೋಡಿದರೆ ಗಂಡಸರಲ್ಲಿ ಈ ಎತ್ತರ ಜಾಸ್ತಿ.

ಎಚ್ಚರ ಬೇಕಾದ ಜಾಗ ಸೆಟ್ ಸ್ಕೇಲ್, ಅಂದರೆ ಚಿತ್ರದ ಇಷ್ಟು ಪಿಕ್ಸೆಲ್‌ಗೆ ಇಷ್ಟು ಮಿಲಿಮೀಟರ್ ಎಂದು ಹೇಳಿಕೊಡುವುದು. ಇಲ್ಲಿ ನಾನೇ ಎಡವಿದೆ. ಎಲ್ಲ ಚಿತ್ರಕ್ಕೂ ಅದೇ ಸ್ಕೇಲ್ ಹಚ್ಚುವ 'ಗ್ಲೋಬಲ್' ಟಿಕ್ ಮಾಡಿಟ್ಟು ಸಾಲಾಗಿ ಅಳೆಯುತ್ತಾ ಹೋದೆ. ನಡುವೆ ಒಂದಷ್ಟು ಎಕ್ಸ್-ರೇಗಳು ಯಾರೋ ಸೈಜ್ ಇಳಿಸಿದ ಜೆಪೆಗ್ ಆಗಿದ್ದವು. ದೊಡ್ಡ ಆಳಿನ ರೇಮಸ್ ಮಗುವಿನದರಷ್ಟು ಬಂತು! ಅದೇ ಚಿತ್ರದಲ್ಲಿ ಕೋನ ಮಾತ್ರ ಸರಿಯಾಗಿಯೇ ಇತ್ತು. ಚಿತ್ರ ಅದೇ ಅನುಪಾತದಲ್ಲಿ ಕುಗ್ಗಿದರೆ ಕೋನ ಬದಲಾಗೋದಿಲ್ಲ, ಅಲ್ವಾ? ತಪ್ಪು ಸಿಕ್ಕಿದ್ದು ಅದರಿಂದಲೇ. ಎರಡು ದಿನದ ಕೆಲಸ ಮತ್ತೆ ಮಾಡಿದೆ. ಈಗ ಯಂತ್ರದಿಂದ ನೇರ ಡೈಕಾಮ್ ಫೈಲನ್ನೇ (ಸೈಜ್ ಇಳಿಸದ ಮೂಲ ಚಿತ್ರ) ಕೇಳಿ ತಗೊಳ್ಳುತ್ತೇನೆ.

ಇನ್ನೊಂದು ಮಾತು, ಇದು ಸಾಫ್ಟ್‌ವೇರ್‌ನ ಕೈಯಲ್ಲಿಲ್ಲ. ಒಪಿಜಿಯಲ್ಲಿ ಎಲ್ಲವೂ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪೇಷೆಂಟ್ ಗದ್ದ ಸ್ವಲ್ಪ ಹಿಂದೆ ಮುಂದೆ ಇಟ್ಟರೂ ಅಗಲದ ಅಳತೆ ಏರುಪೇರಾಗುತ್ತದೆ. ಎತ್ತರಕ್ಕೆ ಅಷ್ಟು ತೊಂದರೆ ಇಲ್ಲ. ಅದಕ್ಕೇ ನಾನು ಎಡಬಲ ದೂರಗಳನ್ನು ಕೈಬಿಟ್ಟು ರೇಮಸ್ ಎತ್ತರ ಮತ್ತು ಕೋನವನ್ನೇ ನೆಚ್ಚಿಕೊಂಡಿದ್ದೇನೆ. ರೇಮಸ್ ಮೇಲೆ ಗಂಟಲಿನ ಗಾಳಿಯ ಕಪ್ಪು ನೆರಳು, ಆಚೆ ಕಡೆಯ ದವಡೆಯ ಮಸುಕು ನೆರಳು ಎರಡೂ ಬೀಳುತ್ತವೆ. ಬ್ರೈಟ್‌ನೆಸ್-ಕಾಂಟ್ರಾಸ್ಟ್ ಹೊಂದಿಸಿಕೊಂಡೇ ಅಂಚು ಹುಡುಕಬೇಕು.

ಸಾಫ್ಟ್‌ವೇರ್ ದಶಾಂಶದ ನಂತರ ಮೂರು ಅಂಕಿ ತೋರಿಸುತ್ತದೆ. ಅದನ್ನು ನೋಡಿ ಅಷ್ಟು ಕರಾರುವಾಕ್ಕು ಅಂದುಕೊಳ್ಳಬೇಡಿ. ಗಂಡಸರ ಅಳತೆ, ಹೆಂಗಸರ ಅಳತೆ ಒಂದರ ಮೇಲೊಂದು ಹಾಯುತ್ತವೆ. ಗಟ್ಟಿಮುಟ್ಟಾದ ಹೆಂಗಸಿನ ದವಡೆ ಗಂಡಸಿನದೆಂದೇ ಬರಬಹುದು. ಹದಿಹರೆಯ ದಾಟದ ಮಕ್ಕಳಲ್ಲಂತೂ ಇದನ್ನು ನಂಬುವಂತಿಲ್ಲ. ಬೇರೆ ದೇಶದವರ ದವಡೆಯಿಂದ ಮಾಡಿದ ಸೂತ್ರವನ್ನು ನಮ್ಮವರಿಗೆ ಹಾಗೇ ಹಚ್ಚಲೂ ಆಗದು. ಒಂದು ಮನೆಯವರು ತಮ್ಮವರ ಗುರುತಿಗಾಗಿ ಕಾಯುತ್ತಿರುವಾಗ ಇದು ಸಣ್ಣ ವಿಷಯವಲ್ಲ.

ಹೊಸದಾಗಿ ಶುರು ಮಾಡುವವರು ಎಳೆದ ಪ್ರತಿ ಗೆರೆಯನ್ನೂ ಟಿ ಒತ್ತಿ, ಎಳೆದ ಗುರುತುಗಳನ್ನು ಕೂಡಿಡುವ ಆರ್‌ಒಐ ಮ್ಯಾನೇಜರ್‌ಗೆ ಸೇರಿಸಿ, ಸೇವ್ ಮಾಡಿಕೊಳ್ಳಿ. ಎರಡು ವಾರ ಬಿಟ್ಟು, ಹಳೇ ಗೆರೆ ನೋಡದೆ, ಅದೇ ಎಕ್ಸ್-ರೇಯನ್ನು ಮತ್ತೆ ಅಳೆಯಿರಿ. ಆಮೇಲೆ ಎರಡನ್ನೂ ಒಟ್ಟಿಗೆ ತೆರೆದು ನೋಡಿ. ನನ್ನ ಗೆರೆ ಹೆಚ್ಚು ಸರಿದಿದ್ದು ಕಾಂಡೈಲ್ ತುದಿಯಲ್ಲಿ.