ಡಿಕಾಕ್ಷನ್‌ಗೆ ಒಗ್ಗದ ಬಾದಾಮಿ ಹಾಲು: ವರ್ಷ ದಾಟಿದ ಮೇಲಿನ ಅಭಿಪ್ರಾಯ

ಬಾದಾಮಿ ಹಾಲಿನ ಮೇಲೆ ನನಗಿರುವ ಸಿಟ್ಟೆಲ್ಲ ಕಾಫಿಯದ್ದು. ಓಟ್ಸಿಗೆ ಹಾಕಿಕೊಳ್ಳುವವರು, ಬಾಳೆಹಣ್ಣಿನ ಜೊತೆ ಮಿಕ್ಸಿಗೆ ಹಾಕಿ ಕುಡಿಯುವವರು ಇದರಲ್ಲಿ ಅರ್ಧ ಬಿಟ್ಟು ಓದಬಹುದು. ನಾನು ಮೈಸೂರಿನವಳು. ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ, ಮಧ್ಯಾಹ್ನ ಮೂರರ ಹೊತ್ತಿಗೆ ಇನ್ನೊಂದು ಲೋಟ ಫಿಲ್ಟರ್ ಕಾಫಿ ಆಗಲೇಬೇಕು. ಹಾಲು ಅಂದರೆ ನನಗೆ ಮೊದಲು ಕಾಫಿ, ಆಮೇಲೆ ಮೊಸರು, ಮಿಕ್ಕಿದ್ದೆಲ್ಲ ಅದರ ಹಿಂದೆ.

ಹಾಲು ಬಿಟ್ಟಿದ್ದು ಶೋಕಿಗಲ್ಲ. ನಲವತ್ತು ದಾಟಿದ ಮೇಲೆ ಹಾಲು ಕುಡಿದರೆ ಹೊಟ್ಟೆ ಉಬ್ಬರ ಶುರುವಾಯಿತು. ಸ್ವಲ್ಪ ದಿನ ನಿಲ್ಲಿಸಿ ನೋಡಿ ಎಂದರು ಡಾಕ್ಟರು. ನಿಲ್ಲಿಸಿದೆ, ಹೊಟ್ಟೆ ಸುಮ್ಮನಾಯಿತು. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸುವ ಕಿಣ್ವ ದೊಡ್ಡವರಾದ ಮೇಲೆ ಎಷ್ಟೋ ಜನರಲ್ಲಿ ಕಡಿಮೆಯಾಗುತ್ತದೆ. ನಮ್ಮ ಕಡೆ ಇದು ಅಪರೂಪವೇನಲ್ಲ. ಮೊಸರು, ಮಜ್ಜಿಗೆ ಮಾತ್ರ ನನಗೆ ಏನೂ ಮಾಡಲಿಲ್ಲ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಆ ಸಕ್ಕರೆಯಲ್ಲಿ ಒಂದಷ್ಟನ್ನು ಮೊದಲೇ ತಿಂದು ಹುಳಿ ಮಾಡಿಟ್ಟಿರುತ್ತವೆ. ಹೀಗೆ ಮೊಸರನ್ನ ಉಳಿಯಿತು, ಕಾಫಿ ಹೋಯಿತು. ಹಾಲಿಲ್ಲದೆ ಕುಡಿ ಎಂದ ಮಗ. ಅವನು ಹಾಸ್ಟೆಲಿನಲ್ಲಿ ಇನ್‌ಸ್ಟಂಟ್ ಪುಡಿ ಕಲಸಿ ಕುಡಿಯುವವನು. ಅವನ ಮಾತು ಲೆಕ್ಕಕ್ಕಿಲ್ಲ. ಹಾಗಾಗಿ ಹಸುವಿನ ಹಾಲಿನ ಬದಲು, ಬಾದಾಮಿಯನ್ನು ನೀರಿನಲ್ಲಿ ಅರೆದು ಸೋಸಿದ ಬಾದಾಮಿ ಹಾಲನ್ನು ಕಾಫಿಗೆ ಹಿಡಿದೆ.

ಅಂಗಡಿಯಲ್ಲಿ ಹುಡುಕುವವರಿಗೆ ಒಂದು ಮಾತು. ಡಬ್ಬದ ಮೇಲೆ ಹಾಲು ಎಂದು ಬರೆದಿರುವುದಿಲ್ಲ. ಗಿಡಮೂಲದ ಪಾನೀಯಗಳನ್ನು ಹಾಲು ಎಂಬ ಹೆಸರಿನಲ್ಲಿ ಮಾರಬಾರದೆಂದು ಆಹಾರ ಸುರಕ್ಷತೆಯ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2021ರಲ್ಲಿ ಬಿಗಿ ಮಾಡಿತು. ಹಾಗಾಗಿ ಆಲ್ಮಂಡ್ ಡ್ರಿಂಕ್, ಆಲ್ಮಂಡ್ ಬೆವರೇಜ್ ಎಂದಿರುತ್ತದೆ. ಬೇಕರಿ ಫ್ರಿಜ್ಜಿನಲ್ಲಿ ಸಿಗುವ ಹಳದಿ ಬಾದಾಮಿ ಹಾಲು ಹಸುವಿನ ಹಾಲೇ, ನನ್ನಂಥವರಿಗೆ ಅದು ಆಗಿಬರುವುದಿಲ್ಲ. ಕೊಳ್ಳುವಾಗ ಸಕ್ಕರೆ ಹಾಕದ್ದನ್ನೇ ತೆಗೆದುಕೊಳ್ಳಿ. ಸಕ್ಕರೆ ಹಾಕಿದ್ದರಲ್ಲಿ ಸಾರನ್ನವೂ ಪಾಯಸವಾಗುತ್ತದೆ.

ಈಗ ಕಾಫಿಗೆ ಬರೋಣ. ನಮ್ಮ ಮನೆಯಲ್ಲಿ ಪುಡಿ ಪೀಬರಿಯದ್ದು, ನೂರಕ್ಕೆ ಇಪ್ಪತ್ತು ಚಿಕೋರಿ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಹಿತ್ತಾಳೆ ಫಿಲ್ಟರಿಗೆ ಪುಡಿ ಹಾಕಿ, ಹಗುರವಾಗಿ ಒತ್ತಿ, ಮರಳಿದ ನೀರನ್ನು ಸುತ್ತ ಸುರಿದು ಮುಚ್ಚಿಟ್ಟು ಮಲಗುತ್ತೇನೆ. ಬೆಳಿಗ್ಗೆ ಏಳುವಷ್ಟರಲ್ಲಿ ಕೆಳಗಿನ ಡಬ್ಬಿಯಲ್ಲಿ ಗಟ್ಟಿ ಡಿಕಾಕ್ಷನ್ ಇಳಿದಿರುತ್ತದೆ. ಅದನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿಕೊಂಡು, ಲೋಟಕ್ಕೆ ಬಗ್ಗಿಸಿ, ಮೇಲೆ ಕುದಿಯುವ ಹಾಲು ಸುರಿದು, ಬಟ್ಟಲಿಗೂ ಲೋಟಕ್ಕೂ ಎತ್ತಿ ಹೊಯ್ದು ನೊರೆ ಬರಿಸಬೇಕು. ಎಷ್ಟೋ ವರ್ಷದ ಕೈರೂಢಿ.

ಅದೇ ರೂಢಿಯಲ್ಲಿ ಡಬ್ಬದ ಬಾದಾಮಿ ಹಾಲನ್ನು ಕುದಿಸಿ ಸುರಿದೆ. ಕಣ್ಣೆದುರೇ ಒಡೆಯಿತು. ಮೇಲೆ ಬಿಳಿ ಚೂರುಗಳು, ಕೆಳಗೆ ಕಂದು ನೀರು. ಎತ್ತಿ ಹೊಯ್ದರೆ ಚೂರುಗಳು ಇನ್ನಷ್ಟು ಸಣ್ಣದಾದವು, ಅಷ್ಟೇ. ಕುಡಿದೂ ನೋಡಿದೆ, ಚೆಲ್ಲಲು ಮನಸ್ಸು ಬರಲಿಲ್ಲ. ನಾಲಗೆಗೆ ಮರಳು ಮರಳು. ವಿಷವೇನಲ್ಲ, ಆದರೆ ಅದು ಕಾಫಿಯೂ ಅಲ್ಲ.

ಬೇರೆ ಕಂಪನಿಯದು ತಂದೆ. ಅದು ಕೆಲವು ದಿನ ಒಡೆಯುವುದು, ಕೆಲವು ದಿನ ಒಡೆಯದೆ ನಿಲ್ಲುವುದು. ಇದು ಇನ್ನೂ ಕೆಟ್ಟದ್ದು, ಅಲ್ವಾ? ಬೆಳಿಗ್ಗೆ ಐದೂವರೆಗೆ ಯಾರಿಗೆ ಬೇಕು ಈ ಜೂಜು? ಕಾರಣ ಆಮೇಲೆ ಗೊತ್ತಾಯಿತು. ಡಿಕಾಕ್ಷನ್ ಅಂದರೆ ಸ್ವಲ್ಪ ಹುಳಿಯೇ. ಹುಳಿಯೂ ಬಿಸಿಯೂ ಒಟ್ಟಿಗೆ ತಾಗಿದರೆ ಬಾದಾಮಿಯ ಪ್ರೊಟೀನ್ ಗಂಟು ಕಟ್ಟುತ್ತದೆ. ಹಸುವಿನ ಹಾಲೂ ಹುಳಿಗೆ ಒಡೆಯುವುದೇ, ಆದರೆ ತಾಜಾ ಹಾಲು ಕಾಫಿಯಷ್ಟು ಹುಳಿಯನ್ನು ತಡೆದುಕೊಳ್ಳುತ್ತದೆ. ಬಾದಾಮಿಯದು ತಡೆಯುವುದಿಲ್ಲ. ಕಾಫಿಗೆಂದೇ ಮಾಡಿ ಬರಿಸ್ಟಾ ಎಂದು ಬರೆದಿರುವ ದುಬಾರಿ ಡಬ್ಬಗಳಲ್ಲಿ ಹುಳಿ ತಗ್ಗಿಸುವ ಫಾಸ್ಫೇಟ್ ಉಪ್ಪು ಸೇರಿಸಿರುತ್ತಾರೆ. ಅದನ್ನೂ ತಂದೆ. ಒಡೆಯಲಿಲ್ಲ, ನೊರೆಯೂ ಬಂತು. ಆದರೆ ಲೀಟರಿಗೆ ನಾಲ್ಕುನೂರರ ಹತ್ತಿರ ಕೊಟ್ಟು ದಿನಾ ಎರಡು ಲೋಟ ಕಾಫಿ ಕುಡಿಯುವ ಮನೆ ನಮ್ಮದಲ್ಲ.

ದುಡ್ಡಿನ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡುತ್ತೇನೆ. ಮಾಮೂಲಿ ಡಬ್ಬ ನನಗೆ ಮುನ್ನೂರರ ಆಸುಪಾಸಿಗೆ ಸಿಗುತ್ತಿತ್ತು. ಒಂದು ದಿನ ಕನ್ನಡಕ ಹಾಕಿಕೊಂಡು ಹಿಂಬದಿಯ ಸಣ್ಣ ಅಕ್ಷರ ಓದಿದೆ. ನೀರು, ಬಾದಾಮಿ 3%, ಕ್ಯಾಲ್ಸಿಯಂ ಕಾರ್ಬೊನೇಟ್, ಉಪ್ಪು, ಹಾಲು ಬೇರೆಯಾಗದಂತೆ ಹಿಡಿದಿಡುವ ಗೆಲ್ಲನ್ ಗಮ್ ಎಂಬ ಅಂಟು. ಮೂರು ಪರ್ಸೆಂಟ್! ಅಂದರೆ ಒಂದು ಲೀಟರಿನಲ್ಲಿ 30 ಗ್ರಾಂ. ಎಣಿಸಿದರೆ ಇಪ್ಪತ್ತೈದು ಬಾದಾಮಿ ಆದಾವು. ನಾನು ಕೊಳ್ಳುವ ಬಾದಾಮಿ ಕಿಲೋಗೆ ಒಂಬೈನೂರು ಎಂದುಕೊಂಡರೆ ಇಪ್ಪತ್ತೇಳು ರೂಪಾಯಿಯ ಮಾಲು. ಉಳಿದದ್ದು ನೀರು, ಡಬ್ಬ, ಲಾರಿ ಬಾಡಿಗೆ, ಜಾಹೀರಾತು. ನಮ್ಮ ನಂದಿನಿಯ ನೀಲಿ ಪ್ಯಾಕೆಟ್ 2025ರ ಏಪ್ರಿಲ್‌ನಲ್ಲಿ ಏರಿದ ಮೇಲೂ ಲೀಟರಿಗೆ 46 ರೂಪಾಯಿಯೇ ಇತ್ತು. ಆಗ ನಾಲ್ಕು ರೂಪಾಯಿ ಏರಿತೆಂದು ನಮ್ಮ ಬೀದಿಯಲ್ಲಿ ಎಷ್ಟು ಗಲಾಟೆ!

ಶಕ್ತಿಯ ಲೆಕ್ಕವೂ ಹೀಗೇ. 200 ಎಂ.ಎಲ್. ಟೋನ್ಡ್ ಹಾಲಿನಲ್ಲಿ ಹೆಚ್ಚುಕಡಿಮೆ 6 ಗ್ರಾಂ ಪ್ರೊಟೀನ್ ಇದ್ದರೆ, ನನ್ನ ಡಬ್ಬದ ಅಷ್ಟೇ ಹಾಲಿನಲ್ಲಿ 1 ಗ್ರಾಂ. ಕ್ಯಾಲ್ಸಿಯಂ ಪುಡಿ ಸೇರಿಸಿರುತ್ತಾರೆ ನಿಜ, ಆದರೆ ಅದು ತಳಕ್ಕೆ ಇಳಿದು ಕೂತಿರುತ್ತದೆ. ಅಲ್ಲಾಡಿಸದೆ ಬಗ್ಗಿಸಿದರೆ ಕೊನೆಯ ಲೋಟದಲ್ಲಿ ಸೀಮೆಸುಣ್ಣ. ಬೆಳೆಯುವ ಮಕ್ಕಳಿಗೆ ಹಾಲಿನ ಬದಲು ಇದನ್ನೇ ಕೊಡುತ್ತೇನೆ ಎನ್ನುವವರು ಮಕ್ಕಳ ಡಾಕ್ಟರನ್ನು ಕೇಳದೆ ಆ ಕೆಲಸ ಮಾಡಬೇಡಿ. ಬೀಜಗಳ ಅಲರ್ಜಿ ಇರುವ ಮನೆಗೆ ಇದು ಬರುವುದೇ ಬೇಡ.

ಇಲ್ಲಿಗೆ ಬಿಟ್ಟುಬಿಡುತ್ತಿದ್ದೆ. ಬಿಡದ ಹಾಗೆ ಮಾಡಿದ್ದು ನಮ್ಮ ಅತ್ತೆ. ಡಬ್ಬದ ಬೆಲೆ ಕೇಳಿ ಅವರು ಹೌಹಾರಲಿಲ್ಲ, ನಕ್ಕರು. "ಒತ್ತು ಶ್ಯಾವಿಗೆಗೆ ಕಾಯಿಹಾಲು ಹಿಂಡ್ತೀಯಲ್ಲೇ, ಇದೂ ಹಾಗೇ ಅಲ್ವಾ? ಇದಕ್ಕೆ ಅಂಗಡಿ ಯಾಕೆ?" ಎಂದರು. ಅವರು ಹೇಳಿದ ಮೇಲೆ ನನಗೂ ಹೌದಲ್ಲ ಅನ್ನಿಸಿತು. ಗಸಗಸೆ ಪಾಯಸ ಮಾಡುವ ಮನೆಯಲ್ಲಿ ಬೀಜ ಅರೆದು ಹಾಲು ತೆಗೆಯುವುದು ಹೊಸ ವಿದ್ಯೆಯೇನಲ್ಲ.

ಈಗ ಮಾಡುವುದು ಹೀಗೆ. ಅರ್ಧ ಲೀಟರಿಗೆ 50 ಗ್ರಾಂ ಬಾದಾಮಿ, ಅಂದರೆ ನನ್ನ ಮುಷ್ಟಿಯಲ್ಲಿ ಒಂದೂವರೆ ಹಿಡಿ. ಬೆಳಿಗ್ಗೆ ನೆನೆಹಾಕಿದರೆ ರಾತ್ರಿ ಊಟವಾದ ಮೇಲೆ ಸಿಪ್ಪೆ ಸುಲಿಯಲು ಹದವಾಗಿರುತ್ತದೆ. ಇದೇ ನನಗೆ ಇಡೀ ವ್ಯವಹಾರದಲ್ಲಿ ಬಲು ಇಷ್ಟವಾದ ಹೊತ್ತು. ಟಿ.ವಿ. ಮುಂದೆ ಬಟ್ಟಲು ಇಟ್ಟುಕೊಂಡು ಕೂರುತ್ತೇವೆ, ಅತ್ತೆ ಒಂದು ಕಡೆ, ನಾನು ಒಂದು ಕಡೆ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೀಜ ಪುಳಕ್ಕನೆ ಹಾರುತ್ತದೆ, ಒಮ್ಮೊಮ್ಮೆ ಸೋಫಾ ಕೆಳಗೂ ಹೋಗುತ್ತದೆ. ಧಾರಾವಾಹಿಯಲ್ಲಿ ಸೊಸೆಗೆ ಅನ್ಯಾಯವಾದಾಗ ಅತ್ತೆಯ ಕೈ ಜೋರಾಗುತ್ತದೆ. ನಮ್ಮ ಯಜಮಾನರು ಪೇಪರ್ ಓದುವ ಹಾಗೆ ಮಾಡಿ ನಾಲ್ಕೈದು ಬಾದಾಮಿ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಅದಕ್ಕೇ ನಾನು ನೆನೆಹಾಕುವಾಗಲೇ ಸ್ವಲ್ಪ ಜಾಸ್ತಿ ಹಾಕಿರುತ್ತೇನೆ.

ಸುಲಿದದ್ದನ್ನು ಒಂದು ಲೋಟ ತಣ್ಣೀರಿನ ಜೊತೆ ಚಟ್ನಿ ಜಾರಿನಲ್ಲಿ ಮೊದಲು ನುಣ್ಣಗೆ ರುಬ್ಬಬೇಕು. ಆಮೇಲೆ ದೊಡ್ಡ ಜಾರಿಗೆ ಹಾಕಿ ಉಳಿದ ನೀರು ಸೇರಿಸಿ ಇನ್ನೊಂದು ಸುತ್ತು. ಒಮ್ಮೆಗೇ ಎಲ್ಲ ನೀರು ಸುರಿದರೆ ಬೀಜ ನೀರಿನಲ್ಲಿ ಓಡಾಡುತ್ತದೆಯೇ ಹೊರತು ಅರೆಯುವುದಿಲ್ಲ. ಸೋಸಲು ಸ್ಟೀಲ್ ಜರಡಿ ಸಾಲದು. ಶ್ರೀಖಂಡಕ್ಕೆ ಮೊಸರು ಕಟ್ಟುವ ಮಲ್ ಬಟ್ಟೆಯೇ ಆಗಬೇಕು. ಬಟ್ಟೆಯನ್ನು ಗಂಟು ಕಟ್ಟಿ ಹಿಂಡುವಾಗ ಬರುವ ವಾಸನೆ ಇದೆಯಲ್ಲ, ಯಾವ ಡಬ್ಬದಲ್ಲೂ ನಾನು ಅದನ್ನು ಕಂಡಿಲ್ಲ. ಹಾಲು ಗಟ್ಟಿ ಬಿಳಿ, ಬಾಯಿಗಿಟ್ಟರೆ ತೆಳ್ಳನೆ ಸಿಹಿ. ಫ್ರಿಜ್ಜಿನಲ್ಲಿ ಎರಡು ದಿನ, ಹೆಚ್ಚೆಂದರೆ ಮೂರು ದಿನ. ನೀರು ಹಾಲು ಬೇರೆಯಾಗಿ ಕೂರುತ್ತವೆ, ಅಲ್ಲಾಡಿಸಿದರೆ ಸರಿಹೋಗುತ್ತದೆ.

ಆದರೆ ಕಾಫಿಗೆ ಹಾಕಿದರೆ? ಇದೂ ಒಡೆಯಿತು. ಡಬ್ಬದ್ದಕ್ಕಿಂತ ಜೋರಾಗಿಯೇ ಒಡೆಯಿತು, ಇದರಲ್ಲಿ ಗಮ್ಮೂ ಇಲ್ಲ, ಫಾಸ್ಫೇಟ್ ಉಪ್ಪೂ ಇಲ್ಲ. ಮತ್ತೆ ಅತ್ತೆಯೇ ದಾರಿ ತೋರಿಸಿದರು. ಫ್ರಿಜ್ಜು ಇಲ್ಲದ ಕಾಲದಲ್ಲಿ ಬೇಸಿಗೆಯ ಹಾಲು ಕಾಯಿಸುವಾಗ ಒಡೆದೀತೆಂಬ ಅನುಮಾನ ಬಂದರೆ ಚಿಟಿಕೆ ಅಡುಗೆ ಸೋಡಾ ಹಾಕುತ್ತಿದ್ದರಂತೆ. ಲೋಟದ ಡಿಕಾಕ್ಷನ್‌ಗೆ ಚಾಕುವಿನ ತುದಿಯಷ್ಟು ಸೋಡಾ ಹಾಕಿದೆ. ಸುರ್ ಎಂದು ಸ್ವಲ್ಪ ನೊರೆ ಬಂತು. ಅದನ್ನು ಬಿಸಿ ಮಾಡಿದ ಬಾದಾಮಿ ಹಾಲಿಗೆ ನಿಧಾನವಾಗಿ ಬಿಟ್ಟೆ. ನಿಂತಿತು! ಚೂರಿಲ್ಲ, ನೀರಿಲ್ಲ, ಒಂದೇ ಬಣ್ಣ. ನಾಲ್ಕುನೂರು ರೂಪಾಯಿಯ ಡಬ್ಬದಲ್ಲಿ ಫಾಸ್ಫೇಟ್ ಮಾಡುವ ಕೆಲಸವನ್ನೇ ನಮ್ಮ ಇಡ್ಲಿ ಹಿಟ್ಟಿಗೆ ಬೀಳುವ ಸೋಡಾ ಮಾಡಿತು, ಹುಳಿ ತಗ್ಗಿಸಿತು. ಕೈ ಮೀರಿದರೆ ಮಾತ್ರ ಕಾಫಿಗೆ ಸೋಪಿನ ರುಚಿ ಬರುತ್ತದೆ. ಹಾಲಿಗೆ ಡಿಕಾಕ್ಷನ್ ಬಿಡಬೇಕು, ಡಿಕಾಕ್ಷನ್‌ಗೆ ಹಾಲು ಸುರಿಯಬಾರದು, ಇದೂ ಮುಖ್ಯ. ಚಿಕೋರಿ ಸ್ವಲ್ಪ ಜಾಸ್ತಿ ಇರುವ, ಕಪ್ಪಗೆ ಹುರಿದ ಪುಡಿಯಾದರೆ ಇನ್ನೂ ಸಲೀಸು.

ಈ ಕಾಫಿ ಹೇಗಿರುತ್ತದೆ ಎಂದು ಕೇಳುತ್ತೀರಿ. ಚೆನ್ನಾಗಿರುತ್ತದೆ. ಕಾಫಿಯ ಘಮದ ಹಿಂದೆ ಒಂದು ಕಾಯಿಹಾಲಿನಂಥ ಘಮ ಇರುತ್ತದೆ, ಅದು ನನಗೆ ಈಗ ರೂಢಿಯಾಗಿದೆ. ಆದರೆ ಸುಡುಸುಡು ಇರುವುದಿಲ್ಲ. ಬಾದಾಮಿ ಹಾಲನ್ನು ಕುದಿಸಿದರೆ ಗಂಜಿಯಂತೆ ದಪ್ಪವಾಗುತ್ತದೆ. ಹಬೆ ಏಳುತ್ತಿದ್ದಂತೆ ಒಲೆ ಆರಿಸಬೇಕು. ತುಟಿ ಸುಡುವ ಕಾಫಿ ಕುಡಿದು ಬೆಳೆದವಳಿಗೆ ಈ ಕೊರತೆ ಸಣ್ಣದಲ್ಲ. ಲೋಟವನ್ನು ಮೊದಲೇ ಬಿಸಿನೀರಿನಲ್ಲಿ ತೊಳೆದಿಟ್ಟುಕೊಂಡರೆ ಒಂದೆರಡು ಗುಟುಕು ಹೆಚ್ಚಿಗೆ ಬಿಸಿ ಸಿಗುತ್ತದೆ, ಅಷ್ಟರಲ್ಲೇ ತೃಪ್ತಿ.

ಹಾಲು ಬಿಟ್ಟಾಗ ನನಗೆ ಇನ್ನೊಂದು ಹೊಟ್ಟೆಯುರಿ ಇತ್ತು. ನಮ್ಮದು ಕೆನೆ ತೆಗೆದಿಟ್ಟು, ಬೆಣ್ಣೆ ಕಡೆದು, ತುಪ್ಪ ಕಾಯಿಸುವ ಮನೆ. ಹಾಲು ಕಡಿಮೆ ತಂದರೆ ತುಪ್ಪವೂ ಕಡಿಮೆ. ಬಾದಾಮಿ ಹಾಲಿನಿಂದ ಕೆನೆಯಿಲ್ಲ, ಮೊಸರೂ ಇಲ್ಲ. ಹೆಪ್ಪು ಹಾಕಿ ನೋಡಿದೆ, ಹುಳಿಯಾಯಿತು, ಕಟ್ಟಲಿಲ್ಲ. ಆದರೆ ಹಿಂಡಿದ ಮೇಲೆ ಬಟ್ಟೆಯಲ್ಲಿ ಚರಟ ಉಳಿಯುತ್ತದೆ, ಅದು ಬಂಗಾರ. ಗಸಗಸೆಯ ಬದಲು ಸಾಗುವಿಗೆ ಅರೆದು ಹಾಕುತ್ತೇನೆ. ಈರುಳ್ಳಿ, ಸಬ್ಬಸಿಗೆ ಜೊತೆ ಅಕ್ಕಿ ರೊಟ್ಟಿಗೆ ಕಲಸುತ್ತೇನೆ, ರೊಟ್ಟಿ ಮೆತ್ತಗೆ ಬರುತ್ತದೆ. ಜಾಸ್ತಿ ಉಳಿದರೆ ಫ್ರೀಜರಿನಲ್ಲಿ ಕೂಡಿಟ್ಟು ಸಕ್ಕರೆ ಪಾಕಕ್ಕೆ ಹಾಕಿ ಬರ್ಫಿ. ಡಬ್ಬ ಕೊಳ್ಳುವವರಿಗೆ ಇದೆಲ್ಲ ಸಿಗುವುದಿಲ್ಲ. ಅವರ ಚರಟ ಎಲ್ಲಿ ಹೋಗುತ್ತದೋ!

ಖರ್ಚು ಲೀಟರಿಗೆ ತೊಂಬತ್ತು ರೂಪಾಯಿ ಬೀಳುತ್ತದೆ, ನಂದಿನಿಯ ಎರಡರಷ್ಟು. ನಾನೊಬ್ಬಳೇ ಕುಡಿಯುವುದರಿಂದ ನಡೆಯುತ್ತದೆ. ಮನೆಮಂದಿಗೆಲ್ಲ ಇದೇ ಎಂದರೆ ಬಜೆಟ್ ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ. ಹೊಟ್ಟೆ ಸರಿಯಿರುವವರು ಸುಮ್ನೆ ಹಸುವಿನ ಹಾಲು ಕುಡಿಯಿರಿ. ಪರಿಸರಕ್ಕೆ ಒಳ್ಳೆಯದೆಂದು ಬದಲಾಯಿಸುವವರೂ ಇದ್ದಾರೆ, ಅವರ ಲೆಕ್ಕ ಅವರಿಗೆ. ಪ್ರಪಂಚದ ಬಾದಾಮಿಯಲ್ಲಿ ನೂರಕ್ಕೆ ಎಂಬತ್ತರಷ್ಟು ಬೆಳೆಯುವುದು ನೀರಿಗೆ ಒದ್ದಾಡುವ ಕ್ಯಾಲಿಫೋರ್ನಿಯಾದಲ್ಲಿ, ನಮ್ಮ ಅಂಗಡಿಯದ್ದೂ ಬಹುಪಾಲು ಅಲ್ಲಿಂದ ಹಡಗಿನಲ್ಲಿ ಬಂದದ್ದು. ನಾನು ಹೊಟ್ಟೆಪಾಡಿಗೆ ಬದಲಾಯಿಸಿದವಳು, ಆ ವಾದಕ್ಕೆ ಹೋಗುವುದಿಲ್ಲ. ರುಚಿ ಬದಲಾಗಬಾರದು ಎನ್ನುವವರಿಗೆ ಲ್ಯಾಕ್ಟೋಸ್ ಇಲ್ಲದ ಹಸುವಿನ ಹಾಲೂ ಸಿಗುತ್ತದೆ, ಅಮುಲ್‌ನದ್ದು ಇದೆ. ಅದು ಕಾಫಿಗೆ ಒಡೆಯುವುದಿಲ್ಲ, ಸ್ವಲ್ಪ ಸಿಹಿ ಜಾಸ್ತಿ ಅನ್ನಿಸುತ್ತದೆ. ನಮ್ಮ ಬಡಾವಣೆಯ ಅಂಗಡಿಯಲ್ಲಿ ಅದು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಊರಿಗೆ ಹೊರಟಾಗ ಮಾತ್ರ ನನ್ನ ಬ್ಯಾಗಿನಲ್ಲಿ ಡಬ್ಬದ ಹಾಲು ಈಗಲೂ ಇರುತ್ತದೆ, 200 ಎಂ.ಎಲ್.ನ ಚಿಕ್ಕವು. ಜೊತೆಗೆ ಕಾಗದದ ಪೊಟ್ಟಣದಲ್ಲಿ ಸೋಡಾ. ಹೊಸದಾಗಿ ಶುರುಮಾಡುವವರೂ ಚಿಕ್ಕ ಡಬ್ಬ ಕೊಂಡು ನಿಮ್ಮ ಮನೆಯ ಡಿಕಾಕ್ಷನ್ ಜೊತೆ ನೋಡಿ, ಲೀಟರ್ ತಂದು ಚೆಲ್ಲಬೇಡಿ. ಅಂಕ ಕೊಡಲೇಬೇಕೆಂದರೆ ಡಬ್ಬಕ್ಕೆ ಐದರಲ್ಲಿ ಎರಡು. ಮನೆಯದ್ದಕ್ಕೆ ನಾಲ್ಕು ಕೊಡುತ್ತೇನೆ, ಆ ಜಿಡ್ಡು ಬಟ್ಟೆಯನ್ನು ಬೇರೆ ಯಾರಾದರೂ ತೊಳೆಯುವುದಾದರೆ.