ಕದ್ದ ಡ್ರ್ಯಾಗನ್, ಕಡ ತಂದ ಡ್ರ್ಯಾಗನ್

ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡ್ ಆಟ ಆಡುವಾಗ ಎದುರಿನವರ ಕ್ರೀಚರ್ (ಹೋರಾಡುವ ಜೀವಿಯ ಕಾರ್ಡ್) ಕದಿಯುವುದು ನನ್ನ ಹಳೇ ಚಪಲ. ಅದಕ್ಕೆಂದೇ ನಾಲ್ಕು ಕಾರ್ಡುಗಳನ್ನು ಬೇರೆ ಬೇರೆ ಡೆಕ್‌ಗಳಲ್ಲಿ ಹಾಕಿ ಆಡಿದೆ. ನಾಲ್ಕೂ ಕದಿಯುತ್ತವೆ, ಆದರೆ ಕದ್ದ ಮಾಲು ಕೈಜಾರುವ ರೀತಿ ಒಂದೊಂದರದ್ದೂ ಬೇರೆ.

ಮೊದಲು ಆಡಿದ್ದು ಮೈಂಡ್ ಕಂಟ್ರೋಲ್. ನೀಲಿ ಕಾರ್ಡ್, ಬೆಲೆ ಐದು ಮನಾ (ಲ್ಯಾಂಡ್ ಕಾರ್ಡುಗಳಿಂದ ಸಿಗುವ ಬಣ್ಣಬಣ್ಣದ ಶಕ್ತಿ). 1993ರ ಕಂಟ್ರೋಲ್ ಮ್ಯಾಜಿಕ್ ನಾಲ್ಕಕ್ಕೇ ಇದೇ ಕೆಲಸ ಮಾಡುತ್ತಿತ್ತು. ಇದು ಆರಾ ಕಾರ್ಡ್, ಅಂದರೆ ಕ್ರೀಚರ್ ಮೇಲೆ ಅಂಟಿಕೊಂಡಿರುವಷ್ಟು ಕಾಲ ಅದು ನಮ್ಮದು. ಗೆಳೆಯನ ಶಿವನ್ ಡ್ರ್ಯಾಗನ್ ಎತ್ತಿಕೊಂಡು ಬೀಗಿದೆ. ಆದರೆ ಬಂದ ಟರ್ನ್‌ನಲ್ಲೇ ಅಟ್ಯಾಕ್ ಮಾಡುವಂತಿಲ್ಲ, ಈ ನಿಯಮಕ್ಕೆ ಸಮ್ಮನಿಂಗ್ ಸಿಕ್‌ನೆಸ್ ಅಂತಾರೆ. ಡ್ರ್ಯಾಗನ್ ಬಲ ಹೆಚ್ಚಿಸಲು ಕೆಂಪು ಮನಾ ಬೇಕು, ನನ್ನ ಹತ್ತಿರ ಬರೀ ನೀಲಿ. ಹೋಗಲಿ, ಬ್ಲಾಕ್ ಮಾಡೋಕಾದರೂ ಆಯ್ತು ಅಂದುಕೊಂಡೆ. ಅವನು ನನ್ನ ಟರ್ನ್ ಮುಗಿಯುವವರೆಗೆ ಸುಮ್ನೆ ಕಾದು, ಕೊನೆಯಲ್ಲಿ ಎರಡು ಮನಾದ ಡಿಸ್‌ಎನ್‌ಚಾಂಟ್ ಹಾಕಿ ಆರಾ ಕಿತ್ತ. ಆ ಹೊತ್ತಿನ ಲೆಕ್ಕ ಪಕ್ಕಾ. ತನ್ನ ಟರ್ನ್‌ನಲ್ಲಿ ಕಿತ್ತಿದ್ದರೆ ಡ್ರ್ಯಾಗನ್ ಅವನಿಗೂ ಆ ಟರ್ನ್ ಅಟ್ಯಾಕ್‌ಗೆ ಸಿಗುತ್ತಿರಲಿಲ್ಲ. ಈಗ ಸೀದಾ ನನ್ನ ಮೇಲೇ ಬಂತು.

ಸೋವರ್ ಆಫ್ ಟೆಂಪ್ಟೇಶನ್ ನಾಲ್ಕು ಮನಾ, ತಾನೇ ಒಂದು 2/2 (ಎರಡು ಬಲ, ಎರಡು ತಾಳಿಕೆ) ಹಾರುವ ಕ್ರೀಚರ್. ಅದು ಮೇಜಿನ ಮೇಲಿರುವವರೆಗೆ ಕದ್ದದ್ದು ನಮ್ಮದು. ಒಂದು ಮನಾದ ಲೈಟ್ನಿಂಗ್ ಬೋಲ್ಟ್‌ನ ಪೆಟ್ಟು ಬಿದ್ದರೆ ಸೋವರ್, ಕದ್ದದ್ದು ಎರಡೂ ಹೋದವು. ನನಗೆ ಹೀಗೇ ಜಾಸ್ತಿ ಆಯ್ತು.

ಆಮೇಲೆ ಆಕ್ಟ್ ಆಫ್ ಟ್ರೀಸನ್. ಕೆಂಪು, ಮೂರು ಮನಾ, ಆ ಟರ್ನ್ ಮುಗಿಯುವವರೆಗೆ ಮಾತ್ರ. ಕದಿಯುವುದಲ್ಲ, ಕಡ ತರುವುದು. ಮೊದಮೊದಲು ತಾತ್ಸಾರ ಮಾಡಿದ್ದೆ. ಆದರೆ ಇದು ಕ್ರೀಚರನ್ನು ಅನ್‌ಟ್ಯಾಪ್ ಮಾಡಿ (ಬಳಸಿ ಅಡ್ಡ ಮಲಗಿಸಿದ್ದರೆ ಮತ್ತೆ ನೆಟ್ಟಗೆ ಮಾಡಿ) ಹೇಸ್ಟ್ ಕೂಡ ಕೊಡುತ್ತದೆ, ಅಂದರೆ ಬಂದ ಟರ್ನ್‌ನಲ್ಲೇ ಅಟ್ಯಾಕ್ ಮಾಡಬಹುದು. ಮತ್ತೆ ಅದೇ ಗೆಳೆಯ, ಅದೇ ಡ್ರ್ಯಾಗನ್. ಅವನಿಗೆ 11 ಲೈಫ್, ನನ್ನದು ಆರು ಲ್ಯಾಂಡಿನ ಕೆಂಪು-ಕಪ್ಪು ಡೆಕ್. ಮೂರು ಮನಾಗೆ ಡ್ರ್ಯಾಗನ್ ತಂದೆ, ಅಟ್ಯಾಕ್ ಮಾಡಿ ಅದರ ಐದು ಬಲದ ಮೇಲೆ ಎರಡು ಕೆಂಪು ಮನಾ ಸುರಿದೆ, ಏಳು ಪೆಟ್ಟು. ಉಳಿದ ಒಂದು ಮನಾಗೆ ವಿಲೇಜ್ ರೈಟ್ಸ್: ಡ್ರ್ಯಾಗನ್ನನ್ನೇ ಬಲಿ ಕೊಟ್ಟು ಎರಡು ಕಾರ್ಡ್ ಎಳೆದೆ. ಸತ್ತ ಕ್ರೀಚರ್ ಹೋಗುವುದು ಒಡೆಯನ ಗ್ರೇವ್‌ಯಾರ್ಡ್‌ಗೆ, ಹಾಗಾಗಿ ಹೆಣವನ್ನು ಅವನಿಗೇ ಒಪ್ಪಿಸಿದೆ. ವಾಪಸ್ ಕೊಡುವ ಮಾತೇ ಬರಲಿಲ್ಲ! ಬಲಿ ಕೊಡುವ ಕಾರ್ಡ್ ಕೈಯಲ್ಲಿ ಇಲ್ಲದ ದಿನ ಮಾತ್ರ ಇದು ಒಂದು ಪೆಟ್ಟಿನ ಆಟ ಅಷ್ಟೇ. ಆದರೂ ನನ್ನ ಓಟು ಇದಕ್ಕೇ.

ಏಜೆಂಟ್ ಆಫ್ ಟ್ರೆಚರಿ ನಿಜವಾದ ಕಳ್ಳ. ಏಜೆಂಟ್ ಸತ್ತರೂ ಕದ್ದದ್ದು ನಮ್ಮ ಹತ್ತಿರವೇ ಇರುತ್ತದೆ. 2020ರಲ್ಲಿ ಸ್ಟ್ಯಾಂಡರ್ಡ್‌ನಲ್ಲಿ (ಈಚಿನ ಕಾರ್ಡುಗಳನ್ನಷ್ಟೇ ಬಳಸುವ ಆಟದ ಮಾದರಿ) ಇದನ್ನು ನಿಷೇಧಿಸಿದರು, ಆಡಿದವರಿಗೆ ಆಶ್ಚರ್ಯ ಆಗಿರಲಿಕ್ಕಿಲ್ಲ. ಆದರೆ ಏಳು ಮನಾ. ಅಷ್ಟು ಕೂಡಿಸುವಷ್ಟರಲ್ಲಿ ನಾನು ಎಷ್ಟೋ ಸಲ ಸತ್ತಿದ್ದೇನೆ.

ಇನ್ನೊಂದು ಮಾತು. ನಾಲ್ಕೂ ಗುರಿ ಇಟ್ಟೇ ಕದಿಯಬೇಕು. ಎದುರಿನವರ ಹತ್ತಿರ ಒಂದೇ ಕ್ರೀಚರ್ ಇದ್ದು, ಅದಕ್ಕೆ ಹೆಕ್ಸ್‌ಪ್ರೂಫ್ (ಎದುರಾಳಿ ಗುರಿ ಇಡಲಾಗದ ಗುಣ) ಇದ್ದರೆ ಮೂರು ಕಾರ್ಡ್‌ಗೆ ಕದಿಯಲು ಏನೂ ಸಿಗುವುದಿಲ್ಲ. ಏಜೆಂಟ್ ಮಾತ್ರ ಕ್ರೀಚರ್ ಅಲ್ಲದ್ದನ್ನೂ ಕದಿಯುತ್ತದೆ, ಒಂದು ಲ್ಯಾಂಡನ್ನಾದರೂ ಎತ್ತಿಕೊಂಡು ಬರುತ್ತದೆ.