ಬೆಂಗಳೂರಿನ ದೊಡ್ಡ ಲಾ ಫರ್ಮೋ, ಬೆಳಗಾವಿ ಕೋರ್ಟಿನ ವಕೀಲರೋ?

ನನ್ನ ಓಟು ಬೆಳಗಾವಿ ವಕೀಲರಿಗೇ. ಇಲ್ಲಿನ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಎರಕ ಹೊಯ್ಯುವ ಸಣ್ಣ ಫೌಂಡ್ರಿ ನನ್ನದು. ಪುಣೆಯ ಗಿರಾಕಿ ಕಾಸ್ಟಿಂಗ್ ಸಪ್ಲೈಗೆ ದಪ್ಪನೆಯ ಕರಾರು ಕಳಿಸಿದಾಗ ಅದನ್ನು ಬೆಂಗಳೂರಿನ ದೊಡ್ಡ ಫರ್ಮೊಂದಕ್ಕೆ ಒಪ್ಪಿಸಿದೆ. ಅದೇ ಗಿರಾಕಿ ಮುಂದೆ ಬಾಕಿ ಉಳಿಸಿಕೊಂಡಾಗ ಊರಿನ ವಕೀಲರ ಹತ್ತಿರ ಹೋದೆ. ಹಾಗಾಗಿ ಎರಡರ ರುಚಿಯೂ ಗೊತ್ತು.

ಫರ್ಮಿನವರ ಇಂಗ್ಲಿಷು ಚೊಕ್ಕ, ಇಮೇಲಿಗೆ ಅದೇ ದಿನ ಉತ್ತರ. ತಕರಾರೇನಿದ್ದರೂ ಬಿಲ್ಲಿನದು.

ಅವರದು ತಾಸಿನ ಲೆಕ್ಕ. ಒಂದು ತಾಸನ್ನು ಆರಾರು ನಿಮಿಷದ ಹತ್ತು ತುಂಡು ಮಾಡಿರುತ್ತಾರೆ. ಎರಡೇ ನಿಮಿಷ ಮಾತಾಡಿದರೂ ಆರು ನಿಮಿಷದ ದುಡ್ಡು. ಬಿಲ್ಲಿನಲ್ಲಿ ಒಂದು ಸಾಲು: ‘ಕಕ್ಷಿದಾರರ ಇಮೇಲ್ ಪರಿಶೀಲನೆ, 0.2’, ಅಂದರೆ ಹನ್ನೆರಡು ನಿಮಿಷ. ಆ ಇಮೇಲಿನಲ್ಲಿ ನಾನು ಬರೆದದ್ದು ‘ಸರ್, ಅಟ್ಯಾಚ್‌ಮೆಂಟ್ ಬಿಟ್ಟುಹೋಗಿತ್ತು, ಈಗ ಕಳಿಸಿದ್ದೇನೆ’ ಅಂತ, ಅಷ್ಟೇ. ಕೆಳಗೆ ಇನ್ನೊಂದು: ‘ಒಳಚರ್ಚೆ, 0.5’. ಅದು ಅಸೋಸಿಯೇಟ್ ಅಂದರೆ ಕಿರಿಯ ವಕೀಲರ ಹೆಸರಲ್ಲಿ ಒಮ್ಮೆ, ಪಾರ್ಟ್‌ನರ್ ಅಂದರೆ ಫರ್ಮಿನ ಪಾಲುದಾರರ ಹೆಸರಲ್ಲಿ ಇನ್ನೊಮ್ಮೆ, ಬೇರೆ ಬೇರೆ ದರಕ್ಕೆ. ಅವರಿಬ್ಬರು ಮಾತಾಡಿಕೊಂಡಿದ್ದಕ್ಕೆ ನಾನು ಎರಡು ಸಲ ತೆರಬೇಕು!

ಇದನ್ನು ಮೋಸ ಎನ್ನಲಾರೆ, ಅವರ ಧಂದೆ ನಡೆಯುವುದೇ ಹೀಗೆ. ಪಾರ್ಟ್‌ನರ್ ಕೆಲಸ ಹಿಡಿದು ತರುತ್ತಾರೆ, ಸಂಬಳದ ಅಸೋಸಿಯೇಟ್‌ಗಳು ಮಾಡುತ್ತಾರೆ. ಆ ಹುಡುಗರ ತಾಸಿಗೆ ನಮ್ಮಿಂದ ಬರುವ ದುಡ್ಡಿನಲ್ಲಿ ಸಂಬಳ, ಬಾಡಿಗೆ ಕಳೆದು ಉಳಿದದ್ದು ಪಾರ್ಟ್‌ನರ್‌ಗಳ ಪಾಲು. ವರ್ಷಕ್ಕೆ ಇಷ್ಟು ತಾಸು ಬಿಲ್ ಮಾಡಲೇಬೇಕೆಂಬ ಗುರಿ ತಲೆ ಮೇಲಿದ್ದರೆ ಬೇಗ ಮುಗಿಸುವ ಅವಸರ ಯಾರಿಗಿದ್ದೀತು? ಪುಣೆಯವರೂ ಇಂಥದ್ದೇ ಫರ್ಮು ಹಿಡಿದಿದ್ದರು. ಇವರು ತಿದ್ದಿದ್ದನ್ನು ಅವರು ತಿದ್ದುವುದು, ಅವರು ತಿದ್ದಿದ್ದನ್ನು ಇವರು. ಎರಡೂ ಕಡೆ ಮೀಟರ್ ಓಡುತ್ತಲೇ ಇತ್ತು.

ಊರಿನ ವಕೀಲರಲ್ಲೂ ಕಿರಿಕಿರಿ ಇದೆ. ಕೋರ್ಟ್ ಬಿಡುವತನಕ ಫೋನ್ ಎತ್ತುವುದಿಲ್ಲ, ಝೆರಾಕ್ಸ್ ನಾವೇ ಮಾಡಿಸಿ ಗುಮಾಸ್ತರ ಕೈಗೆ ಕೊಡಬೇಕು. ಆದರೆ ಪೂರ್ತಿ ಕೆಲಸಕ್ಕೆ ಒಂದೇ ಫೀ, ಅರ್ಧ ಮೊದಲು. ‘ವಸೂಲಾದ್ರ ಇಷ್ಟು ಪರ್ಸೆಂಟ್ ಕೊಡ್ತೀನ್ರಿ ಸಾಹೇಬ್ರ’ ಅಂದೆ. ‘ಬಾರ್ ಕೌನ್ಸಿಲ್ ನಿಯಮದಾಗ ಅದು ನಡೆಯಂಗಿಲ್ರಿ’ ಎಂದು ಅಲ್ಲಿಗೇ ಮುಗಿಸಿದರು.

ಕರಾರು ತಿರುವಿ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ: ‘ಉದ್ಯಮ್ ನೋಂದಣಿ ಐತೇನ್ರಿ?’ ಅದು ಸಣ್ಣ ಉದ್ದಿಮೆಗಳ ಸರಕಾರಿ ನೋಂದಣಿ. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ನಮ್ಮಂಥ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು, ಕರಾರಿನಲ್ಲಿ ಏನೇ ಬರೆದಿರಲಿ, 45 ದಿನ ಮೀರಿಸುವಂತಿಲ್ಲ. ಮೀರಿದರೆ ಆರ್‌ಬಿಐ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಅಷ್ಟೆಲ್ಲ ತಿದ್ದಿದ ಫರ್ಮಿನವರ ಕರಾರಿನಲ್ಲಿ 90 ದಿನದ ಪಾವತಿ ಕಲಮು ಹಾಗೇ ಕೂತಿತ್ತು. ವಕೀಲರ ನೋಟಿಸ್ ಹೋದ ಮೇಲೆ ಅಸಲು ಕಂತಿನಲ್ಲಿ ಬಂತು. ಬಡ್ಡಿ ನಾನೇ ಬಿಟ್ಟೆ, ಗಿರಾಕಿ ಉಳಿಯಬೇಕಲ್ಲ.

ಹೈಕೋರ್ಟಿಗೆ ಹೋದರೂ ಬೆಂಗಳೂರು ಬಸ್ಸು ಹತ್ತಬೇಕಿಲ್ಲ: ಬೆಳಗಾವಿ, ಬಾಗಲಕೋಟೆಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ.

ವಿದೇಶಿ ಗಿರಾಕಿಯ ಕರಾರು, ಕಂಪನಿ ಮಾರಾಟ ಇದ್ದರೆ ದೊಡ್ಡ ಫರ್ಮಿಗೇ ಹೋಗಿ. ಆದರೆ ‘ಒಟ್ಟು ಇಷ್ಟರ ಮೇಲೆ ಒಂದು ರೂಪಾಯಿ ಕೊಡುವುದಿಲ್ಲ’ ಎಂಬುದನ್ನು ಮೊದಲೇ ಬರೆಸಿಕೊಳ್ಳಿ. ನನ್ನ ಹಾಗೆ ಸಣ್ಣ ಸಣ್ಣದಕ್ಕೂ ಫೋನ್ ಹಚ್ಚುವ ಚಟ ಇದ್ದವರಿಗಂತೂ ತಾಸಿನ ಲೆಕ್ಕ ಬೇಡವೇ ಬೇಡ.